ಮುಚ್ಚಳ ಬರಲಿಲ್ಲ, ಅತ್ತೆ: ಋತುಚಕ್ರ ಮೈಗೂ ಮನಸ್ಸಿಗೂ ಮಾಡುವುದೇನು?

ನನ್ನ ಹಳೇ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: "26ನೇ ದಿನ. ಮುಚ್ಚಳ. ಅತ್ತೆ."

ಅಕ್ಕ ಅದನ್ನು ಓದಿ, "ಮುಚ್ಚಳಕ್ಕೂ ನಿಮ್ಮತ್ತೆಗೂ ಏನೇ ಸಂಬಂಧ?" ಎಂದು ಕೇಳಿದಳು. ಅಲ್ಲಿ ಇದ್ದದ್ದು ಗಂಡನ ಅಮ್ಮನ ವಿಷಯ ಅಲ್ಲ, ನಾನು ಅತ್ತ ವಿಷಯ. ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಎರಡು ಸಲ ತಿರುಗಿಸಿದೆ, ಬರಲಿಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗಳಗಳ ಅತ್ತುಬಿಟ್ಟೆ. ಎರಡು ದಿನ ಬಿಟ್ಟು ಮುಟ್ಟಾಯಿತು. ಅದರ ಮಾರನೇ ದಿನ ಅದೇ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಿದೆ, ಸಲೀಸಾಗಿ ಬಂತು.

"ಎಲ್ಲಾ ಹಾರ್ಮೋನ್ ಕಣೇ" ಎಂದಳು ಅಕ್ಕ. ಮಾತೇನೋ ನಿಜ. ಆದರೆ ಈ ಒಂದು ಮಾತು ಬಂದರೆ ಸಾಕು, ವಿಷಯ ಅಲ್ಲಿಗೇ ಮುಗಿಯಿತು ಎಂದು ಎಲ್ಲರೂ ಎದ್ದು ಹೋಗುತ್ತಾರೆ. ಯಾವ ಹಾರ್ಮೋನ್? ಅದು ಏನು ಮಾಡಿತು? ಯಾರೂ ಹೇಳುವುದಿಲ್ಲ. ಇನ್ನೊಂದು ತಮಾಷೆ ಇದೆ. ಅದೇ ತಿಂಗಳು ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಹಾರ್ಮೋನ್‌ಗಳೆಲ್ಲ ನಾರ್ಮಲ್ ಇದ್ದವು. ಹಾಗಾದರೆ ನಾನು ಸುಮ್ನೆ ಅತ್ತೆನಾ? ಇಲ್ಲ. ಇದಕ್ಕೆ ಒಳ್ಳೆಯ ಉತ್ತರವೇ ಇದೆ. ಅದು ಅರ್ಥವಾಗಬೇಕಾದರೆ ಮೊದಲು ತಿಂಗಳಿಡೀ ಒಳಗೆ ನಡೆಯುವ ಕೆಲಸವನ್ನು ನೋಡಿಕೊಂಡು ಬರಬೇಕು.

ಎಲ್ಲಿಂದ ಎಣಿಸಬೇಕು?

ರಕ್ತ ಸರಿಯಾಗಿ ಹೋಗಲು ಶುರುವಾದ ದಿನವೇ 1ನೇ ದಿನ. ಅದಕ್ಕೂ ಮುಂಚೆ ಒಂದೆರಡು ಕಲೆ ಕಂಡರೆ ಅದು ಲೆಕ್ಕಕ್ಕಿಲ್ಲ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಮುಟ್ಟು ನಿಂತ ದಿನದಿಂದ ಎಣಿಸುವವರೂ ಇದ್ದಾರೆ. ಹಾಗೆ ಎಣಿಸಿದರೆ ಡಾಕ್ಟರ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ನಾಲ್ಕೈದು ದಿನ ವ್ಯತ್ಯಾಸ ಬರುತ್ತದೆ.

ಇನ್ನು 28 ದಿನದ ಕಥೆ. ಪುಸ್ತಕಗಳಲ್ಲಿ ಚಿತ್ರ ಬರೆಯಲು ಅನುಕೂಲವಾದ ಸಂಖ್ಯೆ ಅದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೊಬೈಲ್ ಆ್ಯಪ್‌ನಲ್ಲಿ ದಾಖಲಾದ 6 ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಲೆಕ್ಕ ಹಾಕಿತು. ಸರಾಸರಿ ಬಂದದ್ದು 29.3 ದಿನ. ಸರಿಯಾಗಿ 28 ದಿನಕ್ಕೆ ಬಂದದ್ದು 100ರಲ್ಲಿ ಸುಮಾರು 13 ಮಾತ್ರ. ದೊಡ್ಡವರಲ್ಲಿ 21ರಿಂದ 35 ದಿನದೊಳಗೆ ಇದ್ದರೆ ಚಿಂತೆಯಿಲ್ಲ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹುಡುಗಿಯರಲ್ಲಿ 45 ದಿನದವರೆಗೂ ಹೋಗಬಹುದು. ರಕ್ತ ಹೋಗುವುದು 2ರಿಂದ 7 ದಿನ. ಒಟ್ಟು ರಕ್ತ ಸಾಮಾನ್ಯವಾಗಿ 30–40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. ನೋಡುವಾಗ ಅಷ್ಟು ಕಡಿಮೆ ಅನಿಸುವುದಿಲ್ಲ, ಅಲ್ವಾ? ಅದರ ಜೊತೆ ಗರ್ಭಕೋಶದ ಪದರವೂ ಲೋಳೆಯೂ ಸೇರಿರುತ್ತವೆ.

ತಲೆಯಿಂದ ಕಿಬ್ಬೊಟ್ಟೆಗೆ, ಕಿಬ್ಬೊಟ್ಟೆಯಿಂದ ತಲೆಗೆ

ಮುಟ್ಟು ಕಾಣಿಸುವುದು ಗರ್ಭಕೋಶದಲ್ಲಿ. ಆದರೆ ಅಲ್ಲಿ ನಡೆಯುವುದೆಲ್ಲ ಬೇರೆ ಕಡೆಯಿಂದ ಬಂದ ಆದೇಶ. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಹೈಪೋಥಲಾಮಸ್ ಬಿಟ್ಟು ಬಿಟ್ಟು ಸೂಚನೆ ಕಳಿಸುತ್ತದೆ. ಪಿಟ್ಯುಟರಿ ಅದನ್ನು ಕೇಳಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯಕ್ಕೆ ಹೋಗಿ ಕೆಲಸ ಶುರು ಮಾಡಿಸುತ್ತವೆ.

ಅಂಡಾಶಯದಲ್ಲಿ ಅಂಡಾಣುಗಳು ಚಿಕ್ಕ ಚಿಕ್ಕ ಚೀಲಗಳಲ್ಲಿ ಕೂತಿರುತ್ತವೆ. ಹೆಣ್ಣುಮಗು ಹುಟ್ಟುವಾಗ ಇಂಥವು 10ರಿಂದ 20 ಲಕ್ಷ ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಹೊರಗೆ ಬರುವುದು ಹೆಚ್ಚೆಂದರೆ 400–500. ಪ್ರತಿ ತಿಂಗಳು ಹಲವು ಚೀಲಗಳು ಬೆಳೆಯಲು ಶುರುವಾಗುತ್ತವೆ. ಒಂದು ಮುಂದೆ ಹೋಗುತ್ತದೆ, ಉಳಿದವು ಅಲ್ಲೇ ಬಾಡುತ್ತವೆ. ಮುಂದೆ ಹೋದ ಚೀಲ ಈಸ್ಟ್ರೋಜನ್ ತಯಾರಿಸುತ್ತದೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ.

ಈಸ್ಟ್ರೋಜನ್ ಕಡಿಮೆ ಇರುವಾಗ ಅದು ಪಿಟ್ಯುಟರಿಗೆ "ಸಾಕು, ನಿಧಾನ" ಎನ್ನುತ್ತಿರುತ್ತದೆ. ಆದರೆ ಅದು ತುಂಬಾ ಏರಿ, ಎರಡು ದಿನ ಹಾಗೇ ನಿಂತರೆ ಸೂಚನೆಯೇ ತಿರುವುಮುರುವು. ಪಿಟ್ಯುಟರಿ ಒಮ್ಮೆಗೇ ಎಲ್‌ಎಚ್ ಸುರಿಯುತ್ತದೆ. ಅದಾದ ಸುಮಾರು 36 ಗಂಟೆಗೆ ಚೀಲ ಒಡೆದು ಅಂಡಾಣು ಹೊರಗೆ ಬರುತ್ತದೆ. ಬಂದ ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ, ಅಷ್ಟೇ. ಗರ್ಭ ನಿಲ್ಲುವ ದಿನಗಳು ಅದಕ್ಕಿಂತ ಜಾಸ್ತಿ ಇರುವುದಕ್ಕೆ ಕಾರಣ ವೀರ್ಯಾಣು. ಅದು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು.

ಒಡೆದ ಚೀಲ ವ್ಯರ್ಥವಾಗುವುದಿಲ್ಲ. ಅದು ಹಳದಿ ಬಣ್ಣಕ್ಕೆ ತಿರುಗಿ ತಾನೇ ಒಂದು ಗ್ರಂಥಿಯಾಗುತ್ತದೆ. ಈ ಹಳದಿ ಗ್ರಂಥಿ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನೂ ತಯಾರಿಸುತ್ತದೆ. ಪ್ರೊಜೆಸ್ಟರಾನ್ ಕೆಲಸ, ದಪ್ಪವಾದ ಪದರವನ್ನು ಭ್ರೂಣಕ್ಕೆ ಒಗ್ಗುವಂತೆ ಹದ ಮಾಡಿ ಹಿಡಿದಿಡುವುದು. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಹಳದಿ ಗ್ರಂಥಿ ಬಾಡುತ್ತದೆ. ಎರಡೂ ಹಾರ್ಮೋನ್ ಸರ್ರನೆ ಇಳಿಯುತ್ತವೆ. ಹಿಡಿದಿಡುವವರು ಇಲ್ಲದೆ ಪದರ ಕಳಚುತ್ತದೆ. ಅದೇ ಮುಟ್ಟು. ಸಸ್ತನಿಗಳಲ್ಲಿ ಹೀಗೆ ಮುಟ್ಟಾಗುವವು ಬೆರಳೆಣಿಕೆ: ನಾವು, ವಾನರಗಳು, ಕೆಲವು ಕೋತಿ ಜಾತಿಗಳು, ಕೆಲವು ಬಾವಲಿಗಳು, ಒಂದು ಬಗೆಯ ಮುಳ್ಳು ಇಲಿ, ಹೀಗೆ. ನಾಯಿಗೆ ಬೆದೆಗೆ ಬಂದಾಗ ಹೋಗುವ ರಕ್ತ ಬೇರೆ ವಿಷಯ, ಅದು ಮುಟ್ಟಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲ ಭಾಗ, ಅಂದರೆ ಚೀಲ ಬೆಳೆಯುವ ಕಾಲ, ತಿಂಗಳಿಂದ ತಿಂಗಳಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡನೇ ಭಾಗ ಅಷ್ಟು ಬದಲಾಗುವುದಿಲ್ಲ, ಏಕೆಂದರೆ ಹಳದಿ ಗ್ರಂಥಿಯ ಆಯಸ್ಸು ಹೆಚ್ಚುಕಡಿಮೆ ಅಷ್ಟೇ. 1924ರಲ್ಲಿ ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ ಇದನ್ನು ತೋರಿಸಿದರು. ಅಂಡಾಣು ಯಾವಾಗ ಬರುತ್ತದೆ ಎಂದು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಎಂದರು. ಮುಟ್ಟಿಗೆ 12ರಿಂದ 16 ದಿನ ಮೊದಲು.

ಇದರಿಂದ ಎಷ್ಟೋ ಗೊಂದಲ ಬಗೆಹರಿಯುತ್ತದೆ. ಒಂದು ತಿಂಗಳು ಮುಟ್ಟು 36ನೇ ದಿನಕ್ಕೆ ಬಂತು ಎಂದಿಟ್ಟುಕೊಳ್ಳಿ. "ಈ ವಾರ ಟೆನ್ಷನ್ ಜಾಸ್ತಿ ಆಯಿತು, ಅದಕ್ಕೇ ತಡ" ಎನ್ನುತ್ತೇವೆ. ಹಾಗಲ್ಲ. ಅಂಡಾಣು ಬಂದದ್ದೇ 22ನೇ ದಿನದ ಹತ್ತಿರ. ತಡವಾದದ್ದು ಅಲ್ಲಿ. ಎರಡು ಮೂರು ವಾರದ ಹಿಂದೆ ಜ್ವರ ಬಂದಿತ್ತಾ, ನಿದ್ದೆಗೆಟ್ಟು ದೂರ ಪ್ರಯಾಣ ಮಾಡಿದ್ದಿರಾ, ಪರೀಕ್ಷೆ ಇತ್ತಾ, ಊಟ ಬಿಟ್ಟಿದ್ದಿರಾ ಎಂದು ನೆನಪಿಸಿಕೊಳ್ಳಬೇಕು. ದೇಹಕ್ಕೆ ಕಷ್ಟಕಾಲ ಅನಿಸಿದರೆ ಹೈಪೋಥಲಾಮಸ್ ಸೂಚನೆ ನಿಧಾನ ಮಾಡುತ್ತದೆ. ಇದೇ ಕಾರಣಕ್ಕೆ ಕ್ಯಾಲೆಂಡರ್ ನೋಡಿ "ಸೇಫ್ ದಿನ" ಲೆಕ್ಕ ಹಾಕುವುದನ್ನು ನಂಬುವಂತಿಲ್ಲ.

ಮೈಗೆ ಆಗುವುದು

ಹೊಟ್ಟೆನೋವಿನಿಂದಲೇ ಶುರು ಮಾಡೋಣ. "ಸ್ವಲ್ಪ ತಡಕೋ" ಎನ್ನಿಸಿಕೊಳ್ಳುವ ನೋವು ಇದು. ಆದರೆ ಇದರ ಕಾರಣ ಚೆನ್ನಾಗಿ ಗೊತ್ತಿರುವಂಥದ್ದು.

ಪ್ರೊಜೆಸ್ಟರಾನ್ ಇಳಿದಾಗ ಗರ್ಭಕೋಶದ ಪದರದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಗರ್ಭಕೋಶ ಒಂದು ಗಟ್ಟಿ ಸ್ನಾಯುಚೀಲ. ಪ್ರೋಸ್ಟಾಗ್ಲಾಂಡಿನ್ ಅದನ್ನು ಹಿಂಡುತ್ತದೆ. ಹಿಂಡಿದಾಗ ಅದೇ ಸ್ನಾಯುವಿಗೆ ರಕ್ತ ತರುವ ನಾಳಗಳೂ ಅದುಮಿಹೋಗುತ್ತವೆ. ರಕ್ತ ಸಿಗದ ಸ್ನಾಯು ನೋಯುತ್ತದೆ. ನಿಮ್ಮ ಮೇಲ್ತೋಳಿಗೆ ಬಿಪಿ ಪಟ್ಟಿ ಬಿಗಿದು, ಅದನ್ನು ಸಡಿಲಿಸದೆ ಮುಷ್ಟಿ ಹಿಡಿದು ಬಿಟ್ಟು ಮಾಡಿ ನೋಡಿ. ಒಂದೆರಡು ನಿಮಿಷದಲ್ಲಿ ತೋಳು ಜುಮ್ಮೆಂದು ಕಿತ್ತು ಬರುವ ಹಾಗೆ ನೋಯುತ್ತದೆ. ಅಂಥದ್ದೇ ನೋವು, ಆದರೆ ಕಿಬ್ಬೊಟ್ಟೆಯಲ್ಲಿ, ಅಲೆಅಲೆಯಾಗಿ. ಸೊಂಟಕ್ಕೂ ತೊಡೆಗೂ ಹರಡುತ್ತದೆ. ಪ್ರೋಸ್ಟಾಗ್ಲಾಂಡಿನ್ ಪಕ್ಕದ ಕರುಳನ್ನೂ ಬಿಡುವುದಿಲ್ಲ. ಮುಟ್ಟಿನ ಮೊದಲ ದಿನ ಭೇದಿ, ವಾಕರಿಕೆ, ಮೈ ನಡುಕ ಬರುವುದು ಇದರಿಂದಲೇ.

ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇಂಥ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ. ಅದಕ್ಕೇ ಇವುಗಳ ವಿಷಯದಲ್ಲಿ ಹೊತ್ತು ಮುಖ್ಯ. ನೋವು ತಾರಕಕ್ಕೇರಿ ಮಗುಚಿ ಮಲಗಿದ ಮೇಲೆ ನುಂಗಿದರೆ ಆಗಲೇ ತಯಾರಾಗಿರುವುದನ್ನು ಅವು ಅಳಿಸಲಾರವು. ಶುರುವಾಗುತ್ತಿದ್ದಂತೆಯೇ ತೆಗೆದುಕೊಂಡರೆ ಗುಣ ಜಾಸ್ತಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ಇಂಥ ಮಾತ್ರೆಯಿಂದ ಉಬ್ಬಸ ಬರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಿಸಿನೀರಿನ ಚೀಲದ ಶಾಖವೂ ನಿಜಕ್ಕೂ ಕೆಲಸ ಮಾಡುತ್ತದೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಏರತೊಡಗುತ್ತದೆ. ತುಂಬಾ ಜನರಿಗೆ ಇವು ಹಗುರವಾದ ದಿನಗಳು. ಅಂಡಾಣು ಬರುವ ಮುಂಚಿನ ಎರಡು ಮೂರು ದಿನ ಹೋಗುವ ಬಿಳಿ, ಮೊಟ್ಟೆಯ ಬಿಳಿ ಲೋಳೆಯ ಹಾಗೆ ತೆಳ್ಳಗೆ ಜಾರುತ್ತದೆ, ಬೆರಳಿನಲ್ಲಿ ಎಳೆದರೆ ದಾರದಂತೆ ನಿಲ್ಲುತ್ತದೆ. ಇದನ್ನು ರೋಗ ಎಂದುಕೊಂಡು ಹೆದರುವವರು ಇದ್ದಾರೆ. ರೋಗವಲ್ಲ, ವೀರ್ಯಾಣುವಿಗೆ ದಾರಿ ಮಾಡಿಕೊಡುವ ಏರ್ಪಾಡು. ವಾಸನೆ, ತುರಿಕೆ, ಹಸಿರು ಬಣ್ಣ ಇದ್ದರೆ ಮಾತ್ರ ತೋರಿಸಬೇಕು. ಕೆಲವರಿಗೆ ಅಂಡಾಣು ಬರುವ ಹೊತ್ತಿಗೆ ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ಚುಳ್ ಎನ್ನುತ್ತದೆ.

ಆಮೇಲೆ ಪ್ರೊಜೆಸ್ಟರಾನ್ ಆಳ್ವಿಕೆ. ಬೆಳಗ್ಗೆ ಏಳುವ ಮೊದಲು ಜ್ವರದ ಕಡ್ಡಿ ಇಟ್ಟು ನೋಡಿದರೆ ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುವುದು ಕಾಣುತ್ತದೆ. ನಿದ್ದೆ ಬರಲು ಮೈ ಸ್ವಲ್ಪ ತಣ್ಣಗಾಗಬೇಕು. ಈ ದಿನಗಳಲ್ಲಿ ಹೊದಿಕೆ ಕಿತ್ತೆಸೆದು ಹೊರಳಾಡುವುದಕ್ಕೆ ಇದೂ ಒಂದು ಕಾರಣ. ಪ್ರೊಜೆಸ್ಟರಾನ್ ಕರುಳಿನ ಸ್ನಾಯುವನ್ನು ಸಡಿಲ ಮಾಡುತ್ತದೆ. ಅದಕ್ಕೇ ಮುಟ್ಟಿಗೆ ಮುಂಚೆ ಮಲಬದ್ಧತೆ, ಹೊಟ್ಟೆಯುಬ್ಬರ. ಮುಟ್ಟಾದ ದಿನ ಅದಕ್ಕೆ ತದ್ವಿರುದ್ಧ. ಎದೆ ಬಿಗಿದು ನೋಯುತ್ತದೆ. ಮೈಯಲ್ಲಿ ನೀರು ನಿಂತು ಉಂಗುರ ಬಿಗಿಯಾಗುತ್ತದೆ, ತೂಕ ಒಂದು ಕಿಲೋ ಏರಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ಗಲ್ಲದ ಮೇಲೆ ಮೊಡವೆ ಏಳುತ್ತದೆ. ಹಸಿವು ಸ್ವಲ್ಪ ಜಾಸ್ತಿ ಆಗುತ್ತದೆ. ಇದರಲ್ಲಿ ನಾಲಿಗೆ ಚಪಲ ಒಂದೇ ಅಲ್ಲ, ದೇಹ ಖರ್ಚು ಮಾಡುವ ಶಕ್ತಿಯೂ ಒಂದಿಷ್ಟು ಹೆಚ್ಚುತ್ತದೆ. ಮುಟ್ಟಿನ ಹಿಂದುಮುಂದಿನ ಎರಡು ದಿನ ಮೈಗ್ರೇನ್ ಬರುವವರಲ್ಲಿ ಈಸ್ಟ್ರೋಜನ್ ಇಳಿತವೇ ಅದನ್ನು ಕೆರಳಿಸುತ್ತದೆ. ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣಿಸುವಂಥ ಮೈಗ್ರೇನ್ ಇದ್ದರೆ ಗರ್ಭನಿರೋಧಕ ಮಾತ್ರೆ ಕೇಳುವಾಗ ಡಾಕ್ಟರಿಗೆ ಹೇಳಲೇಬೇಕು. ಈಸ್ಟ್ರೋಜನ್ ಇರುವ ಮಾತ್ರೆ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ.

ಮಾತ್ರೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಅಂಡಾಣು ಬಿಡುಗಡೆಯೇ ಆಗುವುದಿಲ್ಲ. ಮಾತ್ರೆ ಬಿಟ್ಟ ವಾರದಲ್ಲಿ ಹೋಗುವ ರಕ್ತ ನಿಜವಾದ ಮುಟ್ಟಲ್ಲ, ಮಾತ್ರೆಯ ಹಾರ್ಮೋನ್ ನಿಂತದ್ದಕ್ಕೆ ಪದರ ಕಳಚಿದ್ದು.

ಈಗ ಮುಚ್ಚಳದ ವಿಷಯ

ಪ್ರೊಜೆಸ್ಟರಾನ್ ಮಿದುಳಿಗೂ ಹೋಗುತ್ತದೆ. ಅಲ್ಲಿ ಅದರಿಂದ ಅಲೋಪ್ರೆಗ್ನನೊಲೋನ್ ಎಂಬ ಇನ್ನೊಂದು ವಸ್ತು ತಯಾರಾಗುತ್ತದೆ. ಹೆಸರು ನಾಲಿಗೆ ತಿರುಚುತ್ತದೆ, ಕೆಲಸ ಸರಳ. ಮಿದುಳಿನಲ್ಲಿ ಗಾಬಾ ಎಂಬ ಶಾಂತಿಯ ರಾಸಾಯನಿಕ ಇದೆ. ನರಗಳ ಗಲಾಟೆ ತಗ್ಗಿಸುವುದು ಅದರ ಕೆಲಸ. ಅಲೋಪ್ರೆಗ್ನನೊಲೋನ್ ಗಾಬಾ ಕೆಲಸಕ್ಕೆ ಒತ್ತಾಸೆ ಕೊಡುತ್ತದೆ. ನಿದ್ದೆ ಮಾತ್ರೆಗಳು ಹಿಡಿಯುವ ದಾರಿಯೂ ಸುಮಾರಾಗಿ ಇದೇ. ಹೆರಿಗೆಯ ನಂತರದ ಖಿನ್ನತೆಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದು ಔಷಧಿ ಇದೇ ಅಲೋಪ್ರೆಗ್ನನೊಲೋನ್.

ಹಾಗಾದರೆ ಪ್ರೊಜೆಸ್ಟರಾನ್ ತುಂಬಿರುವ ಎರಡು ವಾರ ಎಲ್ಲರೂ ತಣ್ಣಗೆ ಇರಬೇಕಿತ್ತಲ್ಲ? ಹಲವರು ಇರುತ್ತಾರೆ ಕೂಡ. ಆದರೆ ಕೆಲವರ ಮಿದುಳು ಇದಕ್ಕೆ ಉಲ್ಟಾ ಹೊಡೆಯುತ್ತದೆ. ಶಾಂತಿಯ ಬದಲು ಸಿಡಿಮಿಡಿ, ಕಳವಳ. ಜೊತೆಗೆ ಕೊನೆಯ ದಿನಗಳಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಮೂಡ್ ಕಾಯುವ ಸೆರೊಟೋನಿನ್ ವ್ಯವಸ್ಥೆ ಈಸ್ಟ್ರೋಜನ್ ಮಾತು ಕೇಳುವಂಥದ್ದು, ಅದೂ ಅಲುಗುತ್ತದೆ.

ಯಾರ ಮಿದುಳು, ಯಾಕೆ? ಪೀಟರ್ ಸ್ಮಿಟ್, ಡೇವಿಡ್ ರೂಬಿನೋ ಮತ್ತು ಅವರ ಜೊತೆಯವರು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಾಡಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಅದೇ. ಮುಟ್ಟಿಗೆ ಮುಂಚೆ ಮನಸ್ಸು ತೀರಾ ಹದಗೆಡುತ್ತಿದ್ದ ಹೆಂಗಸರಿಗೆ ಅವರು ಲ್ಯೂಪ್ರೊಲೈಡ್ ಎಂಬ ಔಷಧಿ ಕೊಟ್ಟು ಅಂಡಾಶಯದ ಕೆಲಸವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಏರಿಳಿತ ಬಂದ್. ಹಲವರ ತೊಂದರೆ ಇಳಿಯಿತು. ಹಾಗೆ ಸುಧಾರಿಸಿದ ಹತ್ತು ಮಂದಿಗೆ ಆಮೇಲೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ಮತ್ತೆ ಕೊಟ್ಟರು. ಯಾವುದು ಯಾವಾಗ ಎಂದು ಅವರಿಗೆ ಹೇಳಿರಲಿಲ್ಲ. ಹಳೇ ತೊಂದರೆ ವಾಪಸ್ ಬಂತು. ಇಂಥ ತೊಂದರೆಯೇ ಇಲ್ಲದ ಹೆಂಗಸರಿಗೂ ಇದನ್ನೆಲ್ಲ ಹೀಗೇ ಮಾಡಿದರು. ಅವರಿಗೆ ಏನೂ ಆಗಲಿಲ್ಲ.

ಎರಡೂ ಗುಂಪಿಗೆ ಹಾರ್ಮೋನ್ ಒಂದೇ. ಮಿದುಳು ಸ್ಪಂದಿಸಿದ ರೀತಿ ಮಾತ್ರ ಬೇರೆ.

2017ರಲ್ಲಿ ಅದೇ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾರ್ಮೋನನ್ನು ಮತ್ತೆ ಕೊಟ್ಟು, ನಿಲ್ಲಿಸದೆ ಒಂದೇ ಮಟ್ಟದಲ್ಲಿ ಮುಂದುವರಿಸಿದರು. ಮೊದಲ ತಿಂಗಳು ತೊಂದರೆ ಎದ್ದಿತು. ಆಮೇಲಿನ ತಿಂಗಳುಗಳಲ್ಲಿ ಹಾರ್ಮೋನ್ ಅಷ್ಟೇ ಇದ್ದರೂ ತೊಂದರೆ ಅಡಗಿತು. ಅಂದರೆ ಕಾಡುವುದು ಮಟ್ಟ ಅಲ್ಲ, ಬದಲಾವಣೆ.

ಬಸ್ಸಿನಲ್ಲಿ ನಿಂತಿರುವವರನ್ನು ನೆನಪಿಸಿಕೊಳ್ಳಿ. ಬಸ್ಸು ಒಂದೇ ವೇಗದಲ್ಲಿ ಹೋಗುತ್ತಿದ್ದರೆ 40 ಇದ್ದರೂ ಸರಿ, 60 ಇದ್ದರೂ ಸರಿ, ಯಾರಿಗೂ ಏನೂ ಆಗುವುದಿಲ್ಲ. ಬ್ರೇಕ್ ಬಿದ್ದಾಗ ಕೆಲವರು ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುತ್ತಾರೆ, ಕೆಲವರು ಮುಂದಿನವರ ಮೇಲೆ ಬೀಳುತ್ತಾರೆ. ಡ್ರೈವರ್ ಮುಂದಿನ ಮೀಟರ್ ಎಷ್ಟು ನೋಡಿದರೂ ಯಾರು ಬೀಳುತ್ತಾರೆ ಎಂದು ಗೊತ್ತಾಗುವುದಿಲ್ಲ. ನನ್ನ ರಕ್ತಪರೀಕ್ಷೆ ನೋಡಿದ್ದು ಮೀಟರನ್ನು. ನಾನು ಬಿದ್ದದ್ದು ಬ್ರೇಕಿಗೆ. ರಿಪೋರ್ಟ್ ನಾರ್ಮಲ್ ಎಂಬುದೂ ನಿಜ, ಅತ್ತದ್ದೂ ನಿಜ.

ಹೀಗೆಂದ ಮಾತ್ರಕ್ಕೆ ಮುಟ್ಟಿನ ಹಿಂದಿನ ವಾರ ಹೆಂಗಸರು ಹೇಳುವುದನ್ನೆಲ್ಲ ಹಾರ್ಮೋನ್ ತಲೆಗೆ ಕಟ್ಟಬಾರದು. "ಡೇಟ್ ಹತ್ತಿರ ಬಂತಾ?" ಎಂದು ಕೇಳಿ ಬಾಯಿ ಮುಚ್ಚಿಸುವುದು ಸೋಮಾರಿಗಳ ಉಪಾಯ. ನೋಟ್‌ಬುಕ್ ನೋಡಿದರೆ ನನ್ನ ಸಿಟ್ಟಿಗೆ ಸಾಮಾನ್ಯವಾಗಿ ಸರಿಯಾದ ಕಾರಣವೇ ಇರುತ್ತಿತ್ತು. 10ನೇ ದಿನ ನುಂಗಿಕೊಂಡಿದ್ದನ್ನೇ 26ನೇ ದಿನ ಹೇಳಿರುತ್ತಿದ್ದೆ, ಅಷ್ಟೇ. ಇನ್ನು ಈ ದಿನಗಳಲ್ಲಿ ತಲೆ ಓಡುವುದಿಲ್ಲ, ಲೆಕ್ಕ ತಪ್ಪುತ್ತದೆ ಎನ್ನುವ ಮಾತು. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಚಕ್ರದ ಯಾವ ಹಂತದಲ್ಲೂ ನೆನಪು, ಗಮನ, ಯೋಚನೆ ಕುಂದುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ನೋವಿನಲ್ಲಿ, ನಿದ್ದೆಗೆಟ್ಟು ಕೆಲಸ ಮಾಡುವುದು ಕಷ್ಟ ಎನ್ನುವುದು ಬೇರೆ ಮಾತು.

ಪಿಎಂಎಸ್, ಪಿಎಂಡಿಡಿ: ಎರಡೂ ಒಂದೇ ಅಲ್ಲ

ಮುಟ್ಟಿಗೆ ಮುಂಚಿನ ಈ ಒತ್ತಡವನ್ನು 1931ರಲ್ಲಿ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು ಬರೆದಿಟ್ಟರು. 1953ರಲ್ಲಿ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಅದಕ್ಕೆ ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅದೇ ಪಿಎಂಎಸ್. ಮುಟ್ಟಾಗುವವರಲ್ಲಿ ಹೆಚ್ಚಿನವರಿಗೆ ಇದರ ಒಂದಲ್ಲ ಒಂದು ಲಕ್ಷಣ ಗೊತ್ತಿರುತ್ತದೆ.

ಪಿಎಂಡಿಡಿ ಎನ್ನುವುದು ಬೇರೆ ಮಟ್ಟದ್ದು. 100 ಜನರಲ್ಲಿ 3ರಿಂದ 8 ಜನರಿಗೆ ಇದು ಇರುತ್ತದೆ ಎಂಬ ಅಂದಾಜಿದೆ. ಮುಟ್ಟಿಗೆ ಒಂದು ವಾರ ಮುಂಚೆ ಬದುಕೇ ಬೇಡ ಅನಿಸುವಷ್ಟು ಮಂಕು, ಕೆಲಸ ಬಿಡುವಷ್ಟು ಸಿಟ್ಟು, ಸಂಬಂಧ ಮುರಿಯುವಷ್ಟು ಜಗಳ. ಮುಟ್ಟಾದ ಒಂದೆರಡು ದಿನಕ್ಕೆ ಮೋಡ ಸರಿದ ಹಾಗೆ ಎಲ್ಲ ತಿಳಿಯಾಗುತ್ತದೆ. ಹಾಗೆ ತಿಳಿಯಾದಾಗ "ನಾನೇ ಹೀಗೆ ಆಡಿದ್ದಾ?" ಎಂಬ ನಾಚಿಕೆ ಬೇರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿಕೊಂಡಿತು.

ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಇದೆ. ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆಗಳು ಖಿನ್ನತೆಯಲ್ಲಿ ಗುಣ ತೋರಿಸಲು ವಾರಗಟ್ಟಲೆ ಹಿಡಿಯುತ್ತವೆ. ಪಿಎಂಡಿಡಿಯಲ್ಲಿ ಅವು ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತವೆ. ಅದಕ್ಕೇ ಕೆಲವರಿಗೆ ತಿಂಗಳಲ್ಲಿ ಕೊನೆಯ ಎರಡು ವಾರ ಮಾತ್ರ ಕೊಡುವುದೂ ಉಂಟು. ಏರಿಳಿತವನ್ನೇ ಸಮ ಮಾಡುವ ಕೆಲವು ಗರ್ಭನಿರೋಧಕ ಮಾತ್ರೆಗಳು, ಮಾತಿನ ಚಿಕಿತ್ಸೆ ಇವೂ ಸಹಾಯ ಮಾಡುತ್ತವೆ. ಸಾಯಬೇಕು ಎಂಬ ಯೋಚನೆ ಬಂದರೆ ಮುಟ್ಟಾಗಲಿ ನೋಡೋಣ ಎಂದು ಕಾಯಬಾರದು. ಅವತ್ತೇ ಯಾರಿಗಾದರೂ ಹೇಳಬೇಕು, ಡಾಕ್ಟರನ್ನು ಕಾಣಬೇಕು.

ಇದನ್ನು ಪತ್ತೆ ಮಾಡುವುದು ಹೇಗೆ? ರಕ್ತಪರೀಕ್ಷೆಯಿಂದ ಆಗುವುದಿಲ್ಲ, ಏಕೆ ಎಂದು ಆಗಲೇ ನೋಡಿದೆವು. ಎರಡು ತಿಂಗಳು ದಿನಾ ಬರೆದಿಡಬೇಕು. ಅವತ್ತಿನದನ್ನು ಅವತ್ತೇ. ಕೊನೆಗೆ ಕೂತು ನೆನಪಿಸಿಕೊಂಡು ಬರೆದರೆ ನೆನಪು ಮೋಸ ಮಾಡುತ್ತದೆ. ಕೆಟ್ಟ ದಿನಗಳೆಲ್ಲ ಮುಟ್ಟಿನ ಪಕ್ಕಕ್ಕೇ ಬಂದು ಕೂರುತ್ತವೆ. ನನ್ನದು ಇಷ್ಟೇ ಇತ್ತು: ದಿನದ ನಂಬರ್, ರಕ್ತ ಇದೆಯಾ, ನೋವು 0ಯಿಂದ 10ರೊಳಗೆ ಎಷ್ಟು, ಮನಸ್ಸು ಹೇಗಿತ್ತು ಎಂದು ಎರಡು ಪದ. ಎರಡೇ ಪದ ಸಾಕು ಎಂದು ಹಟ ಹಿಡಿದದ್ದರಿಂದಲೇ "ಮುಚ್ಚಳ. ಅತ್ತೆ" ಆದದ್ದು.

ಆ ಪುಟಗಳಲ್ಲಿ ಡಾಕ್ಟರ್ ಹುಡುಕುವುದು ಕೆಟ್ಟ ವಾರವನ್ನಲ್ಲ, ಒಳ್ಳೆಯ ವಾರವನ್ನು. ಮುಟ್ಟು ನಿಂತ ಮೇಲೆ ಒಂದು ವಾರವಾದರೂ ಮನಸ್ಸು ತಿಳಿಯಾಗಿರುತ್ತದಾ? ಇದ್ದರೆ ಪಿಎಂಎಸ್ ಅಥವಾ ಪಿಎಂಡಿಡಿ. ತಿಂಗಳಿಡೀ ಮಂಕು ಇದ್ದು ಮುಟ್ಟಿಗೆ ಮುಂಚೆ ಜಾಸ್ತಿಯಾಗುತ್ತಿದ್ದರೆ ಬೇರೆ ಖಿನ್ನತೆಯೋ ಆತಂಕವೋ ಒಳಗೆ ಇದೆ, ಚಕ್ರ ಅದನ್ನು ಕೆದಕುತ್ತಿದೆ ಎಂದರ್ಥ. ಚಿಕಿತ್ಸೆ ಬೇರೆಯಾಗುತ್ತದೆ. ಉಬ್ಬಸ, ಮೂರ್ಛೆರೋಗ ಕೂಡ ಕೆಲವರಲ್ಲಿ ಈ ದಿನಗಳಲ್ಲಿ ಕೆರಳುತ್ತವೆ.

ಕೆಲವು ನಂಬಿಕೆಗಳು, ಕೆಲವು ಎಚ್ಚರಿಕೆಗಳು

ಒಟ್ಟಿಗೆ ಇರುವ ಹೆಂಗಸರಿಗೆ ಒಟ್ಟಿಗೇ ಮುಟ್ಟಾಗುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಮಾರ್ಥಾ ಮೆಕ್ಲಿಂಟಾಕ್ 1971ರಲ್ಲಿ ಹಾಸ್ಟೆಲ್ ಹುಡುಗಿಯರನ್ನು ನೋಡಿ ಹೀಗೆ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಇದು ನಿಲ್ಲಲಿಲ್ಲ. ಒಬ್ಬಳದು 27 ದಿನ, ಇನ್ನೊಬ್ಬಳದು 31 ದಿನ ಇದ್ದರೆ ಆಗಾಗ ದಿನಾಂಕಗಳು ತಾಗುತ್ತವೆ, ಆಮೇಲೆ ದೂರವಾಗುತ್ತವೆ. ತಾಗಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಇನ್ನು 7ನೇ ದಿನ ಇಂಥ ವ್ಯಾಯಾಮ, 18ನೇ ದಿನ ಇಂಥ ಊಟ ಎಂದು ಬಣ್ಣಬಣ್ಣದ ಚಾರ್ಟ್ ಮಾಡಿ ಮಾರುವವರು. 100ರಲ್ಲಿ 13 ಚಕ್ರ ಮಾತ್ರ 28 ದಿನದ್ದು ಎಂದಮೇಲೆ ಆ ಚಾರ್ಟ್ ಯಾರ 18ನೇ ದಿನಕ್ಕೆ?

ತಡ ಮಾಡದೆ ತೋರಿಸಬೇಕಾದದ್ದು ಬೇರೆಯೇ ಇದೆ. ಗಂಟೆ ಎರಡು ಗಂಟೆಗೆ ಪ್ಯಾಡ್ ತೊಯ್ದು ಬದಲಿಸಬೇಕಾಗುವುದು, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪು ಹೋಗುವುದು, 7 ದಿನ ದಾಟುವುದು. 80 ಮಿಲಿಲೀಟರ್ ಮೀರಿದರೆ ಅತಿಸ್ರಾವ ಎಂದು ಲೆಕ್ಕ. ಹೀಗೆ ತಿಂಗಳು ತಿಂಗಳು ಹೋದರೆ ಕಬ್ಬಿಣಾಂಶ ಖಾಲಿಯಾಗಿ ಸುಸ್ತು, ಏದುಸಿರು, ಕೂದಲು ಉದುರುವುದು ಶುರು. ಎಷ್ಟೋ ಸಲ "ಮೂಡ್ ಸರಿಯಿಲ್ಲ" ಎಂದುಕೊಂಡದ್ದು ರಕ್ತಹೀನತೆ ಆಗಿರುತ್ತದೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು.

ಮಾತ್ರೆಗೂ ಜಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಸಂಭೋಗದಲ್ಲಿ ಅಥವಾ ಮಲವಿಸರ್ಜನೆಯಲ್ಲಿ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಪದರದಂಥದ್ದೇ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ ಅದು. ಹತ್ತರಲ್ಲಿ ಒಬ್ಬರಿಗೆ ಇರುತ್ತದೆ, ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಒಂದು ಕಾರಣ, ಮೊದಲೇ ಹೇಳಿದ "ಸ್ವಲ್ಪ ತಡಕೋ". ಚಕ್ರ 35 ದಿನ ದಾಟುತ್ತಲೇ ಇದ್ದು, ಮೊಡವೆ, ಮುಖದ ಮೇಲೆ ಕೂದಲು ಜಾಸ್ತಿ ಇದ್ದರೆ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬರದಿರುವ ತೊಂದರೆ, ಇದೆಯಾ ಎಂದು ಪರೀಕ್ಷೆ ಬೇಕು. ಥೈರಾಯ್ಡ್ ಕೂಡ ಚಕ್ರ ಕೆಡಿಸುತ್ತದೆ. ಗರ್ಭಿಣಿಯಲ್ಲದೆ ಮೂರು ತಿಂಗಳು ಮುಟ್ಟಾಗದಿದ್ದರೆ, ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಹೋಗಲೇಬೇಕು.

ಅಕ್ಕನಿಗೆ ಈಗ 47. ಮುಟ್ಟು ನಿಲ್ಲುವ ಮುಂಚಿನ ಈ ಕೆಲವು ವರ್ಷಗಳಲ್ಲಿ ಅಂಡಾಶಯ ಒಂದು ತಿಂಗಳು ಕೆಲಸ ಮಾಡುತ್ತದೆ, ಒಂದು ತಿಂಗಳು ಮಾಡುವುದಿಲ್ಲ. ಈಸ್ಟ್ರೋಜನ್ ಮೆಲ್ಲಗೆ ಇಳಿಯುವ ಬದಲು ಎದ್ದು ಬಿದ್ದು ಇಳಿಯುತ್ತದೆ. ಮೊದಲಿಗಿಂತ ಜೋರು ಬ್ರೇಕ್‌ಗಳು, ಅದೂ ಹೇಳದೆ ಕೇಳದೆ. ಒಂದು ಸಲ 22 ದಿನಕ್ಕೆ, ಒಂದು ಸಲ 50 ದಿನಕ್ಕೆ. ಹಿಂದೆಂದೂ ಮನಸ್ಸು ಕೆಡಿಸಿಕೊಳ್ಳದವರಿಗೂ ಈ ವಯಸ್ಸಿನಲ್ಲಿ ಖಿನ್ನತೆ ಕಾಡುವುದುಂಟು. ಹೋದ ತಿಂಗಳು ಅವಳೂ ಒಂದು ನೋಟ್‌ಬುಕ್ ಶುರು ಮಾಡಿದಳು. ನನಗೆ ತೋರಿಸಲು ಒಪ್ಪಲಿಲ್ಲ. ಮೇಜಿನ ಮೇಲೆ ತೆರೆದಿಟ್ಟು ಹೋಗಿದ್ದಾಗ ಮೊದಲ ಸಾಲು ಕಣ್ಣಿಗೆ ಬಿತ್ತು: "31ನೇ ದಿನ. ರಾತ್ರಿ 3. ಬೆವರು. ಫ್ಯಾನಿಗೆ ಬೈದೆ."